“ಯಾವುದರಲ್ಲೂ ಮನಸ್ಸಿಲ್ಲ” ಅಂತ ಟೈಪ್ ಮಾಡಿದ ರಾತ್ರಿ

ವಾಷಿಂಗ್ ಮಷೀನ್‌ನಲ್ಲಿ ಒಗೆದ ಬಟ್ಟೆ ಹಾಗೇ ಉಳಿದಿತ್ತು. ಸೋಮವಾರ ಹಾಕಿದ್ದು. ಮಂಗಳವಾರ ಮುಗ್ಗಲು ವಾಸನೆ ಬಂತು ಅಂತ ಇನ್ನೊಂದು ಸಲ ಒಗೆಯಲು ಬಿಟ್ಟೆ. ಬುಧವಾರ ಮತ್ತೆ. ತೆಗೆದು ಬಾಲ್ಕನಿಗೆ ತಂದು ಹಗ್ಗಕ್ಕೆ ಹಾಕಬೇಕು, ಅಷ್ಟೇ. ಹತ್ತು ನಿಮಿಷದ ಕೆಲಸ. ನಾನು ಮಷೀನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಮುಚ್ಚಳ ತೆಗೆದು, ಒಂದಕ್ಕೊಂದು ಸುತ್ತಿಕೊಂಡ ಬಟ್ಟೆಗಳನ್ನು ನೋಡುತ್ತಿದ್ದೆ. ಮಗಳ ಯೂನಿಫಾರ್ಮ್‌ನ ತೋಳು ಇವರ ಶರ್ಟಿನೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಎಲ್ಲಿಂದ ಶುರು ಮಾಡಬೇಕು ಅಂತಲೇ ಹೊಳೆಯಲಿಲ್ಲ. ಮುಚ್ಚಳ ಹಾಕಿ ಎದ್ದು ಬಂದೆ.

2023ರ ಜುಲೈ ಅದು. ನಾವಿರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಮನೆಯಲ್ಲಿ ಜಗಳವಿರಲಿಲ್ಲ, ಸಾಲವಿರಲಿಲ್ಲ, ಯಾರಿಗೂ ಹುಷಾರು ತಪ್ಪಿರಲಿಲ್ಲ. ಅದೇ ನನಗೆ ದೊಡ್ಡ ತೊಂದರೆಯಾಗಿತ್ತು. ಏನಾದರೂ ಆಗಿದ್ದರೆ ಅದನ್ನು ತೋರಿಸಬಹುದಿತ್ತು. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಏನು ಕಮ್ಮಿಯಾಗಿದೆ ಪುಟ್ಟಿ ನಿಂಗೆ?” ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಏನೂ ಕಮ್ಮಿಯಿಲ್ಲ ಅಂದರೆ ತಪ್ಪು ನನ್ನದೇ ಅಂತಾಗುತ್ತದೆ. ಆ ಮಾತು ಕೇಳಿದ ಮೇಲೆ ನಾನು ಮನೆಯವರಿಗೆ ಹೇಳುವುದನ್ನೇ ಬಿಟ್ಟೆ.

ದಿನಾ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು, ಅಲಾರಂ ಇಟ್ಟ ಹಾಗೆ. ಆಮೇಲೆ ನಿದ್ದೆ ಇಲ್ಲ. ಪಕ್ಕದಲ್ಲಿ ಮಲಗಿದ ಮಗಳಿಗೆ ಬೆಳಕು ತಾಗಬಾರದು ಅಂತ ಹೊದಿಕೆಯೊಳಗೆ ಫೋನ್ ಹಿಡಿದು ಹುಡುಕುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಅಂತ ಮೊದಮೊದಲು ನನಗೇ ಗೊತ್ತಿರಲಿಲ್ಲ. ಸುಸ್ತಿಗೆ ಕಾರಣ ಏನು. ರಕ್ತ ಕಮ್ಮಿಯಾದರೆ ಏನಾಗುತ್ತದೆ. ಮರೆವು ಯಾಕೆ ಬರುತ್ತದೆ. ಎದೆ ಮೇಲೆ ಕಲ್ಲಿಟ್ಟ ಹಾಗಾದರೆ ಅದು ಹಾರ್ಟಿನ ತೊಂದರೆಯಾ. ಹೀಗೇ ಒಂದು ವಾರ ಕಳೆಯಿತು.

ಇಂಗ್ಲಿಷಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತಿತ್ತು. ಒಳ್ಳೆಯ ಬರಹಗಳೇ. ಓದಿದರೆ ಅರ್ಥವೂ ಆಗುತ್ತಿತ್ತು, ನಾನು ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಮಾಡುವವಳು. ಆದರೆ ಅದರಲ್ಲಿ ಬರುವ ಹೆಂಗಸು ಒಬ್ಬಳೇ ಇರುತ್ತಾಳೆ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಹೊರಗೆ ಹೋಗುವುದನ್ನು ನಿಲ್ಲಿಸಿರುತ್ತಾಳೆ. ಅವಳಿಗೆ ಅತ್ತೆ ಇಲ್ಲ, ದೋಸೆ ಹಿಟ್ಟು ರುಬ್ಬುವ ಕೆಲಸವಿಲ್ಲ, ಶ್ರಾವಣದಲ್ಲಿ ಬಾಗಿನಕ್ಕೆ ಕರೆದವರ ಮನೆಗೆ ನಗುತ್ತಾ ಹೋಗಬೇಕಾದ ಕಷ್ಟವಿಲ್ಲ. ಓದುತ್ತಾ ಓದುತ್ತಾ, ಇದು ಬೇರೆ ಯಾರಿಗೋ ಬರುವ ಕಾಯಿಲೆ ಅನ್ನಿಸಿಬಿಡುತ್ತಿತ್ತು.

ಒಂದು ರಾತ್ರಿ ಕನ್ನಡದಲ್ಲಿ ಟೈಪ್ ಮಾಡಿದೆ: “ಯಾವುದರಲ್ಲೂ ಮನಸ್ಸಿಲ್ಲ.” ಟೈಪ್ ಮಾಡಿ ನೋಡಿದಾಗ ಗಂಟಲು ಕಟ್ಟಿತು. ನನಗಾಗುತ್ತಿರುವುದನ್ನು ನಾನು ನನ್ನ ಮಾತಲ್ಲಿ ಬರೆದದ್ದು ಅದೇ ಮೊದಲು.

ಬಂದ ಉತ್ತರಗಳು ಬೇರೆ. ಈ ಮಂತ್ರವನ್ನು 21 ದಿನ ಹೇಳಿ. ಶನಿಯ ಪ್ರಭಾವ ಇರಬಹುದು. ಏಳು ದಿನದಲ್ಲಿ ಮನಸ್ಸನ್ನು ಗೆಲ್ಲುವುದು ಹೇಗೆ. ಧೈರ್ಯವಿದ್ದರೆ ಎಲ್ಲವೂ ಸಾಧ್ಯ. ದೇವರ ಮೇಲೆ ನನಗೆ ನಂಬಿಕೆ ಇದೆ. ಸಂಜೆ ದೀಪ ಹಚ್ಚುವುದು ನನಗೆ ಆಗಲೂ ಸಮಾಧಾನ ಕೊಡುತ್ತಿತ್ತು. ಆದರೆ 21 ದಿನ ಹೇಳಿಯೂ ಏನೂ ಆಗದಿದ್ದಾಗ, ನನ್ನ ಭಕ್ತಿಯೇ ಸಾಲದು ಅಂತ ಇನ್ನೊಂದು ಭಾರ ಸೇರಿಕೊಂಡಿತು. ಧೈರ್ಯದ ಮಾತುಗಳೂ ಹಾಗೇ. ಕಾಲು ಮುರಿದವನಿಗೆ ಓಡು ಅಂದ ಹಾಗೆ.

ಪದದ ವಿಷಯವನ್ನು ಇಲ್ಲಿ ಹೇಳಲೇಬೇಕು. ನನಗಾಗಿದ್ದದ್ದಕ್ಕೆ ಹೆಸರು ಖಿನ್ನತೆ, ಇಂಗ್ಲಿಷಿನಲ್ಲಿ ಡಿಪ್ರೆಶನ್. ಆದರೆ ಖಿನ್ನತೆ ಅನ್ನುವುದು ಪೇಪರಿನ ಪದ. ನಮ್ಮ ಮನೆಯಲ್ಲಾಗಲೀ ಊರಿನಲ್ಲಾಗಲೀ ಆ ಪದವನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ನೋಡಿಲ್ಲ. ನಾವು ಬೇಜಾರು ಅನ್ನುತ್ತೇವೆ. ಬಸ್ ತಪ್ಪಿದರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು, ಇದೂ ಬೇಜಾರು. ಏನೋ ಒಂಥರಾ ಅನ್ನುತ್ತೇವೆ. ತಲೆ ಭಾರ, ಎದೆ ಉರಿ, ಮೈಕೈ ನೋವು, ಊಟ ಸೇರಲ್ಲ. “ಅವಳು ಜಾಸ್ತಿ ಯೋಚನೆ ಮಾಡ್ತಾಳೆ” ಅನ್ನುವುದು ನಮ್ಮ ಕಡೆ ಮಾಮೂಲಿ ಮಾತು. ಆಮೇಲೆ ಓದಿ ತಿಳಿದದ್ದು: ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ಇದಕ್ಕೆ ಹೇಳುವುದು “ಕುಫುಂಗಿಸಿಸ” ಅಂತ. ಅಂದರೆ ಜಾಸ್ತಿ ಯೋಚನೆ ಮಾಡುವುದು. ಅಲ್ಲಿ ಡಿಕ್ಸನ್ ಚಿಬಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂತು ಜನರ ಜೊತೆ ಮಾತಾಡಲು ಬಿಟ್ಟರು. ಫ್ರೆಂಡ್‌ಶಿಪ್ ಬೆಂಚ್ ಅಂತ ಅದರ ಹೆಸರು. ಅದರಿಂದ ಜನರಿಗೆ ಗುಣ ಕಾಣುತ್ತದೆ ಅಂತ ಸಂಶೋಧನೆಯಲ್ಲೂ ತೋರಿಸಿದರು. ಆ ಅಜ್ಜಿಯರು ಇಂಗ್ಲಿಷಿನ ಪದ ಬಳಸಲಿಲ್ಲ. ಜನ ಹೇಳುವ ಪದವನ್ನೇ ಹಿಡಿದು ಮಾತು ಶುರು ಮಾಡಿದರು. ಅದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ನನ್ನ ಹುಡುಕಾಟದಲ್ಲಿ ಮೊದಲು ಕೈಗೆ ಸಿಕ್ಕ ಗಟ್ಟಿ ವಸ್ತು, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂದು ಪುಟದ ಪ್ರಶ್ನಾವಳಿ. ಪಿಎಚ್‌ಕ್ಯೂ-9 ಅಂತ. ಒಂಬತ್ತು ಪ್ರಶ್ನೆ. ಅಮೆರಿಕದ ವೈದ್ಯರು ತಯಾರಿಸಿ 2001ರಲ್ಲಿ ಪ್ರಕಟಿಸಿದ್ದು, ಈಗ ಜಗತ್ತಿನಾದ್ಯಂತ ಬಳಸುತ್ತಾರೆ. ದುಡ್ಡು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಡ. ಕನ್ನಡದಲ್ಲೂ ಇದೆ. ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಇಲ್ಲದೆ ಹೋಗಿದೆಯಾ, ನಿದ್ದೆ ಹೇಗಿದೆ, ಸುಸ್ತು ಇದೆಯಾ, ಹಸಿವು ಹೇಗಿದೆ, ನಾನು ಸೋತವಳು ಅನ್ನಿಸುತ್ತದೆಯಾ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಎಲ್ಲಾ ಕೂಡಿದರೆ ಹೆಚ್ಚೆಂದರೆ 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರ ಹತ್ತಿರ ಮಾತಾಡಬೇಕು. 15ರಿಂದ 19 ಅಂದರೆ ಸಾಕಷ್ಟು ತೀವ್ರ.

ನನಗೆ 17 ಬಂತು.

ಆ ಅಂಕ ನೋಡಿ ನನಗೆ ಭಯವಾಗಲಿಲ್ಲ, ಹಗುರವಾಯಿತು. ನಿದ್ದೆ, ಸುಸ್ತು, ಮರೆವು, ಒದ್ದೆ ಬಟ್ಟೆ, ನಾನು ಯಾರಿಗೂ ಬೇಡದವಳು ಅನ್ನುವ ಯೋಚನೆ, ಇವೆಲ್ಲ ಬೇರೆಬೇರೆ ಅಂದುಕೊಂಡಿದ್ದೆ. ಯಾರೋ ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದರು. ಅಂದರೆ ಇದು ನನ್ನ ಸೋಮಾರಿತನ ಅಲ್ಲ. ಇದಕ್ಕೊಂದು ಗುರುತಿದೆ.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸತ್ತುಹೋದರೆ ಒಳ್ಳೆಯದು ಅನ್ನುವ ಯೋಚನೆ ಬರುತ್ತದೆಯಾ ಅಂತ ಅದು ಕೇಳುತ್ತದೆ. ಮೊದಲು ಸೊನ್ನೆ ಹಾಕಿದೆ. ಯಾರೂ ನೋಡುತ್ತಿರಲಿಲ್ಲ, ಆದರೂ ಸುಳ್ಳು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಅಳಿಸಿ ಒಂದು ಹಾಕಿದೆ. ಕೆಲವು ದಿನ ಬರುತ್ತಿತ್ತು. ನಾಳೆ ಬೆಳಗ್ಗೆ ಏಳದೇ ಇದ್ದರೆ ಸಾಕಿತ್ತು ಅನ್ನುವಷ್ಟು. ಇದನ್ನು ಓದುತ್ತಿರುವ ಯಾರಿಗಾದರೂ ಆ ಪ್ರಶ್ನೆಗೆ ಸೊನ್ನೆ ಹಾಕಲು ಆಗದಿದ್ದರೆ, ಈ ಬರಹವನ್ನು ಇಲ್ಲೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅವರ ಹತ್ತಿರ ಕೂತುಕೊಳ್ಳಿ. ಓದುವುದು ಆಮೇಲೆ ಆಗುತ್ತದೆ.

ಆ ನಂಬರ್ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯದು. ಕೇಂದ್ರ ಸರ್ಕಾರ 2022ರ ಬಜೆಟ್‌ನಲ್ಲಿ ಘೋಷಿಸಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ್ದು. ಇಡೀ ದೇಶದ ಟೆಲಿ ಮಾನಸ್‌ಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಕೂಡ ಬಂತು. ನಾನು ಫೋನ್ ಮಾಡುವಾಗ ನಂಬರ್ ಮಾತ್ರ ಇತ್ತು.

ಮೊದಲ ದಿನ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಡಯಲ್ ಮಾಡಿದೆ. ರೆಕಾರ್ಡ್ ಆದ ದನಿ ಭಾಷೆ ಆರಿಸಿ ಅಂದಿತು. ಕಟ್ ಮಾಡಿದೆ. ಮಾರನೇ ದಿನ ಮತ್ತೆ ಹೋದೆ. ಈ ಸಲ ಕನ್ನಡ ಒತ್ತಿದೆ. ಆಚೆ ಕಡೆ ಒಬ್ಬ ಹೆಣ್ಣುಮಗಳ ದನಿ, ಧಾರವಾಡದ ಕಡೆಯ ಮಾತು. ನಾನು ಏನೇನೋ ಹೇಳಿದೆ. ಮಷೀನ್, ಬಟ್ಟೆ, ಮಗಳು. ಕೊನೆಗೆ, “ಯಾವುದರಲ್ಲೂ ಮನಸ್ಸಿಲ್ಲ ಮೇಡಂ” ಅಂದೆ.

ಅವರು ಯಾಕೆ ಅಂತ ಕೇಳಲಿಲ್ಲ.

“ಎಷ್ಟ್ ದಿವಸ ಆತ್ರೀ ಹಿಂಗಾಗಿ?” ಅಂದರು.

ಅಷ್ಟೇ ಮಾತು. ಅದುವರೆಗೆ ನನ್ನನ್ನು ಕೇಳಿದವರೆಲ್ಲ ಯಾಕೆ ಅಂತಲೇ ಕೇಳಿದ್ದರು. ಯಾಕೆ ಅಂದರೆ ನಾನು ಕಾರಣ ಕೊಡಬೇಕು, ಲೆಕ್ಕ ಒಪ್ಪಿಸಬೇಕು. ಎಷ್ಟು ದಿನದಿಂದ ಅಂದರೆ, ಜ್ವರ ಬಂದವರನ್ನು ಕೇಳುವ ಹಾಗೆ. ಇದು ಬಂದಿದೆ, ಇದಕ್ಕೊಂದು ಶುರು ಇದೆ, ಹಾಗಾಗಿ ಮುಗಿಯುವುದೂ ಇದೆ ಅಂತ ನನಗೆ ಕೇಳಿಸಿತು. ನಾನು ಟ್ಯಾಂಕಿಗೆ ಒರಗಿ ಅತ್ತುಬಿಟ್ಟೆ. ಅವರು ಸುಮ್ಮನೆ ಲೈನಿನಲ್ಲಿದ್ದರು. ಆಮೇಲೆ, “ಇವತ್ತ ಏನರ ತಿಂದೀರೇನ್ರೀ?” ಅಂತ ಕೇಳಿದರು. ತಿಂದಿರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ, ಅದೇ ಮೆತ್ತಗಿನ ದನಿಯಲ್ಲಿ: “ಬದುಕೂದು ಬ್ಯಾಡ ಅಂತ ಅನಸ್ತದೇನ್ರೀ?”

ಯಾರೂ ಕೇಳಿರದ ಪ್ರಶ್ನೆ. ಇದನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ನಂಬುತ್ತಾರೆ. ಹಾಗೇನಿಲ್ಲ. ಇದನ್ನು ಸಂಶೋಧಕರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹೌದು ಅಂತ ಹೇಳಿದ ತಕ್ಷಣ ಆ ಯೋಚನೆ ನನ್ನೊಬ್ಬಳದೇ ಆಗಿ ಉಳಿಯಲಿಲ್ಲ. ಅವತ್ತು ಅವರು ಉಪದೇಶ ಕೊಡಲಿಲ್ಲ. ಇವತ್ತೇ ಮನೆಯವರಿಗೆ ಹೇಳಿ, ಈ ವಾರ ಮನೋವೈದ್ಯರನ್ನು ನೋಡಿ, ನಡುವೆ ಯಾವಾಗ ಬೇಕಾದರೂ ಫೋನ್ ಮಾಡಿ ಅಂದರು. ಕೆಳಗೆ ಬಂದು ಎರಡು ಬಾಳೆಹಣ್ಣು ತಿಂದೆ. ಸಂಜೆ ಇವರಿಗೆ ಹೇಳಿದೆ. ಹೇಳಲು ಬಾಯಿ ಬಾರದೆ, ಫೋನಿನಲ್ಲಿದ್ದ ಆ ಒಂಬತ್ತು ಪ್ರಶ್ನೆ ಮತ್ತು ನನ್ನ ಉತ್ತರಗಳನ್ನು ತೋರಿಸಿದೆ. ಇವರು ಎರಡು ಸಲ ಓದಿದರು. ಎದ್ದು ಹೋಗಿ ಮಷೀನ್‌ನಿಂದ ಬಟ್ಟೆ ತೆಗೆದು ಒಣಹಾಕಿ ಬಂದರು.

ವೈದ್ಯರು ಮೊದಲು ಬರೆದದ್ದು ರಕ್ತ ಪರೀಕ್ಷೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಥೈರಾಯ್ಡ್ ಕಮ್ಮಿಯಿದ್ದರೂ ಮನಸ್ಸು ಹೀಗೇ ಕುಗ್ಗುತ್ತದೆ, ಅದನ್ನು ನೋಡದೆ ಮುಂದೆ ಹೋಗಬಾರದು ಅಂದರು. ಬರೀ ಫೋನ್ ನೋಡಿ ನಮಗೆ ನಾವೇ ಔಷಧಿ ಮಾಡಿಕೊಳ್ಳಬಾರದು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು. ನನ್ನದು ಸರಿಯಿತ್ತು. ಮಾತ್ರೆ ಶುರುವಾಯಿತು. ಮಾತ್ರೆಗೆ ಅಭ್ಯಾಸವಾಗಿಬಿಡುತ್ತದೆ ಅಂತ ನನಗೂ ಹೆದರಿಕೆಯಿತ್ತು. ಇವು ನಶೆಯ ಮಾತ್ರೆಗಳಲ್ಲ, ಆದರೆ ನೀವೇ ಒಂದು ದಿನ ದಿಢೀರ್ ಅಂತ ನಿಲ್ಲಿಸಬೇಡಿ, ನಿಧಾನಕ್ಕೆ ಇಳಿಸಬೇಕು ಅಂದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಸರಿಹೋಯಿತು ಅನ್ನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ಮನಸ್ಸು ಹಾಗೇ ಇತ್ತು. ಗೊತ್ತಿಲ್ಲದಿದ್ದರೆ ಬಿಟ್ಟೇಬಿಡುತ್ತಿದ್ದೆ.

ಇದರ ನಡುವೆ ಒಂದು ಕೆಟ್ಟ ಅನುಭವವೂ ಆಯಿತು. ಆನ್‌ಲೈನ್‌ನಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ ಅಂದ ಒಬ್ಬರಿಗೆ ದುಡ್ಡು ಕಟ್ಟಿದ್ದೆ. ಎರಡನೇ ಸಲ ಮಾತಾಡುವಾಗಲೇ ಅವರು, ಮಾತ್ರೆ ಬಿಡಿ, ನನ್ನ ಮೂರು ತಿಂಗಳ ಕೋರ್ಸ್ ತಗೊಳ್ಳಿ ಅಂದರು. ಅವರು ಏನು ಓದಿದ್ದಾರೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಅವತ್ತು ನಾನು ಕಲಿತದ್ದನ್ನು ಬೇರೆಯವರಿಗೂ ಹೇಳುತ್ತಿರುತ್ತೇನೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇರುತ್ತದೆ. ಆಪ್ತಸಮಾಲೋಚಕರು ಅಂತ ಬೋರ್ಡ್ ಹಾಕಿಕೊಂಡವರಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ, ವಾರದ ಕೋರ್ಸ್ ಮಾಡಿದವರೂ ಇದ್ದಾರೆ. ಓದು ಏನು ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯವರು ಸಂತೋಷದಿಂದ ಹೇಳುತ್ತಾರೆ. ನಡೆಯುತ್ತಿರುವ ಔಷಧಿ ನಿಲ್ಲಿಸಿ ಅಂತ ಫೋನಿನಲ್ಲಿ ಹೇಳುವವರಿಂದ ದೂರ ಇರಿ, ಅಷ್ಟೇ.

ಕಷ್ಟ ಹಂಚಿಕೊಳ್ಳುವ ಗುಂಪುಗಳಲ್ಲೂ ಸ್ವಲ್ಪ ದಿನ ಇದ್ದೆ. ನನ್ನ ಹಾಗೇ ಇನ್ನೊಬ್ಬರಿದ್ದಾರೆ ಅನ್ನುವುದು ದೊಡ್ಡ ಧೈರ್ಯ. ಆದರೆ ರಾತ್ರಿ ಮೂರಕ್ಕೆ ಹತ್ತು ಜನರ ದುಃಖ ಓದಿದರೆ ಹನ್ನೊಂದನೆಯದು ನನ್ನದು ಅನ್ನಿಸಿ ಇನ್ನೂ ಕುಸಿಯುತ್ತಿದ್ದೆ. ಕೊನೆಗೆ ಹಗಲು ಮಾತ್ರ ನೋಡುವುದು ಅಂತ ಮಾಡಿಕೊಂಡೆ.

ಸ್ವಸಹಾಯದ, ಅಂದರೆ ನಮಗೆ ನಾವೇ ಮಾಡಿಕೊಳ್ಳಬಹುದಾದದ್ದರ ಮಾತಿಗೆ ಬರುತ್ತೇನೆ. ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದೇ ವಿಧಾನ. ಇಂಗ್ಲಿಷಿನಲ್ಲಿ ಅದಕ್ಕೆ ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನುತ್ತಾರೆ. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಅಂತ ನಾವು ಕಾಯುತ್ತೇವೆ. ಮನಸ್ಸು ಬರುವುದಿಲ್ಲ. ಕೆಲಸ ಬಿಟ್ಟಷ್ಟೂ ಮನಸ್ಸು ಇನ್ನೂ ಹಿಂದೆ ಸರಿಯುತ್ತದೆ. ಹಾಗಾಗಿ ಮನಸ್ಸಿಗೆ ಕಾಯದೆ ಮೊದಲು ಕೈ ಆಡಿಸು, ಮನಸ್ಸು ಹಿಂದಿನಿಂದ ಬರುತ್ತದೆ ಅನ್ನುವುದು ಅದರ ತಿರುಳು. ಆದರೆ ಕೆಲಸ ತುಂಬಾ ಸಣ್ಣದಿರಬೇಕು, ಯಾವ ಹೊತ್ತಿಗೆ ಅಂತ ಮೊದಲೇ ಬರೆದಿರಬೇಕು.

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಕಷ್ಟಿ, ಎಲ್ಲಾ ಅದರಲ್ಲೇ. ಅದರ ಮನೆಗಳಲ್ಲೇ ಬರೆಯಲು ಶುರು ಮಾಡಿದೆ. ಮೊದಲ ದಿನ: “ಬಟ್ಟೆ 5.” ಅಂದರೆ ಐದು ಬಟ್ಟೆ ಮಾತ್ರ ಒಣಹಾಕುವುದು. ಪೂರ್ತಿ ಮಷೀನ್ ಅಲ್ಲ. ಐದಾದ ಮೇಲೆ ನಿಲ್ಲಿಸಬಹುದು. ಐದು ಹಾಕಿದೆ, ನಿಲ್ಲಿಸಿದೆ. ಎರಡನೇ ದಿನವೂ ಐದು. ಮೂರನೇ ದಿನ ಐದಕ್ಕೆ ನಿಲ್ಲಿಸಬೇಕು ಅನ್ನುವುದು ಮರೆತು ಏಳು ಹಾಕಿದ್ದೆ. ಆಮೇಲೆ “ಕರಿಬೇವಿಗೆ ನೀರು.” ಆಮೇಲೆ “ಗೇಟಿನವರೆಗೆ.” ಬರೀ ಗೇಟಿನವರೆಗೆ ನಡೆದು ವಾಪಸ್. ಪ್ರತಿ ಕೆಲಸದ ಪಕ್ಕ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಎಷ್ಟು ಅಂಕ. ಮೊದಲ ವಾರವೆಲ್ಲ ಎರಡು, ಎರಡು, ಒಂದು, ಎರಡು. ಆಗಸ್ಟ್ ಪುಟದ ಕೊನೆಗೆ ಒಂದು ನಾಲ್ಕು ಇದೆ. ಅವತ್ತು ಬರೆದಿದ್ದು “ಮಗಳ ಜಡೆ.” ಬೆಳಗ್ಗೆ ಅವಳಿಗೆ ಎರಡು ಜಡೆ ಹೆಣೆದಿದ್ದೆ. ಆ ಪುಟವನ್ನು ಹರಿದು ಇಟ್ಟುಕೊಂಡಿದ್ದೇನೆ.

ಇದು ನನ್ನೊಬ್ಬಳ ಅನುಭವವಲ್ಲ. ಗೋವಾದ ಸಂಗಾತ್ ಸಂಸ್ಥೆಯವರು ಮನೋವೈದ್ಯ ವಿಕ್ರಮ್ ಪಟೇಲ್ ಅವರ ಜೊತೆ ಇದೇ ವಿಧಾನವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿ ನೋಡಿದ್ದಾರೆ. ಸಲಹೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರೆಂಟು ಭೇಟಿ, ಜನರದೇ ಭಾಷೆಯಲ್ಲಿ. ತೀವ್ರ ಖಿನ್ನತೆ ಇದ್ದವರಿಗೂ ಗುಣ ಕಂಡಿತು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಂಪ್ಯೂಟರ್ ಮೂಲಕ ಸ್ವಸಹಾಯ ಅನ್ನುವುದೂ ಹೊಸದಲ್ಲ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದು 2001ರಲ್ಲೇ ಮೂಡ್‌ಜಿಮ್ ಅಂತ ಮಾಡಿತ್ತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್‌ನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ತೀವ್ರವಲ್ಲದ ಖಿನ್ನತೆಗೆ ಸ್ವಸಹಾಯವನ್ನು ಮೊದಲಿಗೆ ಯೋಚಿಸಿ ಅಂತ ಹೇಳುತ್ತದೆ. ಆದರೆ ಅದು ಹೇಳುವುದು, ಒಬ್ಬರ ಮಾರ್ಗದರ್ಶನ ಇರುವ ಸ್ವಸಹಾಯ. ಆಗಾಗ ಒಬ್ಬರು ನಮ್ಮ ಹಾಳೆ ನೋಡಿ, ಹೇಗಾಯಿತು ಅಂತ ಕೇಳಬೇಕು. ನನ್ನ ಕ್ಯಾಲೆಂಡರ್ ಅನ್ನು ಭಾನುವಾರ ಇವರು ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ, ಓದುತ್ತಿದ್ದರು. ಯಾರೂ ನೋಡದಿದ್ದರೆ ನಾನು ಎರಡನೇ ವಾರಕ್ಕೆ ಬಿಡುತ್ತಿದ್ದೆ. ಎಷ್ಟೋ ಆ್ಯಪ್‌ಗಳನ್ನು ಹಾಕಿಕೊಂಡು ನಾಲ್ಕೇ ದಿನಕ್ಕೆ ತೆಗೆದದ್ದು ಅದಕ್ಕೇ. ಅವು ಕೆಟ್ಟವು ಅಂತಲ್ಲ. ಆಚೆ ತುದಿಯಲ್ಲಿ ನನ್ನ ಮಾತು ಅರ್ಥವಾಗುವ ಒಬ್ಬರೂ ಇರಲಿಲ್ಲ.

ಕನ್ನಡದಲ್ಲಿ ಓದಲು ಏನೂ ಇಲ್ಲ ಅಂದುಕೊಂಡಿದ್ದೆ. ಅದು ತಪ್ಪು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಪುಸ್ತಕ ಬರೆದಿದ್ದಾರೆ, ಹಳ್ಳಿಯವರಿಗೂ ಅರ್ಥವಾಗುವ ಭಾಷೆಯಲ್ಲಿ. ಬೆಂಗಳೂರಿನ ವೈಟ್ ಸ್ವಾನ್ ಫೌಂಡೇಶನ್ ಕನ್ನಡದಲ್ಲೂ ಲೇಖನಗಳನ್ನು ಪ್ರಕಟಿಸಿದೆ. ನಮ್ಮ ಶಿವಮೊಗ್ಗದಲ್ಲಿ ಮನೋವೈದ್ಯರಾಗಿದ್ದ ಡಾ. ಅಶೋಕ್ ಪೈ ಅವರು ದಶಕಗಳ ಕಾಲ ಇದನ್ನು ಜನರ ಮುಂದೆ ಮಾತಾಡಿದವರು. ಇಷ್ಟೆಲ್ಲ ಇದ್ದೂ ರಾತ್ರಿ ಮೂರಕ್ಕೆ ಹುಡುಕುವವರಿಗೆ ಮೊದಲು ಸಿಗುವುದು ಶನಿಯ ಪ್ರಭಾವ. ಇದಕ್ಕೆ ನನಗೆ ನಿಜವಾಗಿ ಸಂಕಟವಾಗುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆದಿತ್ತು. ದೊಡ್ಡವರಲ್ಲಿ 20 ಜನಕ್ಕೆ ಒಬ್ಬರಿಗೆ ಖಿನ್ನತೆ ಬರುತ್ತದೆ, ಹಾಗೆ ಬಂದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ ಅದು ಹೇಳಿತು. ಒಂದು ಬಸ್ಸಿನಲ್ಲಿ ಇಬ್ಬರು ಮೂವರು. ನಮ್ಮ ಅಡಿಕೆ ಸುಲಿಯುವ ಚಪ್ಪರದಲ್ಲಿ ಒಬ್ಬರು.

ಆ ಒಬ್ಬರು ನಮ್ಮ ಚಿಕ್ಕಮ್ಮ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಎರಡು ವರ್ಷದಿಂದ ಮೈಕೈ ನೋವು, ಹೊಟ್ಟೆಯುರಿ, ನಿದ್ದೆ ಇಲ್ಲ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲಾ ಆಗಿದೆ, ಎಲ್ಲಾ ನಾರ್ಮಲ್. ಏನೂ ಇಲ್ಲ ಅಂತ ರಿಪೋರ್ಟ್ ಬಂದಷ್ಟೂ ಮನೆಯಲ್ಲಿ ಅವರ ಮಾತಿಗೆ ಬೆಲೆ ಕಮ್ಮಿಯಾಗಿದೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಮೆಟ್ಟುಗತ್ತಿಯ ಮುಂದೆ ಅವರ ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಮುಖ ಬೇರೆಲ್ಲೋ ಇತ್ತು.

“ಎಷ್ಟು ದಿನದಿಂದ ಚಿಕ್ಕಮ್ಮ ಹೀಗೆ?” ಅಂದೆ.

ಕೈ ನಿಂತಿತು. ತುಂಬಾ ಹೊತ್ತು ಮಾತಾಡಲಿಲ್ಲ. “ಹೋದ ವರ್ಷದ ಹಿಂದಿನ ಮಳೆಗಾಲದಿಂದ” ಅಂದರು. ಆಮೇಲೆ ನಿಲ್ಲದೆ ಮಾತಾಡಿದರು. ನನ್ನ ಫೋನಿನಲ್ಲಿದ್ದ ಒಂಬತ್ತು ಪ್ರಶ್ನೆಗಳನ್ನು ಅವರ ಮಾತಿಗೆ ತಿರುಗಿಸಿ ಒಂದೊಂದೇ ಕೇಳಿದೆ. ಆಸಕ್ತಿ ಅನ್ನಲಿಲ್ಲ, ಹೂವಿನ ಗಿಡದ ಹತ್ತಿರ ಹೋಗಬೇಕು ಅನ್ನಿಸುತ್ತಾ ಅಂದೆ. ಡೇಲಿಯಾ ಗೆಡ್ಡೆಗಳನ್ನು ಈ ಸಲ ನೆಟ್ಟೇ ಇಲ್ಲ ಅಂದರು. ನಮ್ಮೂರಿನಲ್ಲಿ ಡೇಲಿಯಾ ಅಂದರೆ ಚಿಕ್ಕಮ್ಮನ ಮನೆ. ಒಂಬತ್ತನೆಯ ಪ್ರಶ್ನೆಯನ್ನೂ ಕೇಳಿದೆ. ಇಲ್ಲ, ಅಷ್ಟು ದೂರ ಹೋಗಿಲ್ಲ ಅಂದರು. ನನ್ನ ಕಣ್ಣು ನೋಡಿ ಹೇಳಿದರು, ನಂಬಿದೆ.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ವ್ಯವಸ್ಥೆ 2014ರಿಂದ ನಮ್ಮ ರಾಜ್ಯದಲ್ಲಿದೆ, ಮನೋಚೈತನ್ಯ ಅಂತ. ಮುಂದಿನ ಮಂಗಳವಾರ ಕರೆದುಕೊಂಡು ಹೋಗು ಅಂತ ತಮ್ಮನಿಗೆ ಹೇಳಿದೆ. ಅಷ್ಟರೊಳಗೆ ಬೇಕಾದರೆ ಇರಲಿ ಅಂತ ನಂಬರನ್ನೂ ಕೊಟ್ಟೆ. ಚಿಕ್ಕಮ್ಮನ ಮನೆಯಲ್ಲಿ ಇಂಟರ್ನೆಟ್ ಸಿಗುವುದು ಅಂಗಳದಾಚೆ ದಣಪೆಯ ಹತ್ತಿರ ಮಾತ್ರ. ಆದರೆ ಇದು ಬರೀ ಫೋನು, ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ ಅಂದೆ.

“ದುಡ್ಡು?”

“ಇಲ್ಲ.”

“ಫೋನ್ ತೆಗೆಯೋರು ನಮ್ಮ ಮಾತಾಡ್ತಾರನೇ?”

“ಕನ್ನಡಾನೇ ಚಿಕ್ಕಮ್ಮ. ಧಾರವಾಡದ ಕಡೆಯವರು ಸಿಕ್ಕಿದ್ರೆ ಮಾತಿಗೊಂದು ರೀ ಸೇರಿಸ್ತಾರೆ, ಅಷ್ಟೇ.”

ಅವರು ಎದ್ದು ಒಳಗೆ ಹೋಗಿ ಪೆನ್ನು ತಂದರು. ಕಂಬಕ್ಕೆ ನೇತುಹಾಕಿದ ಕ್ಯಾಲೆಂಡರಿನ ಮೇಲ್ತುದಿಯಲ್ಲಿ, ಹಾಲಿನ ಲೆಕ್ಕ ಮುಟ್ಟದ ಜಾಗದಲ್ಲಿ, ನಾನು ಹೇಳಿದ ಐದು ಅಂಕಿಗಳನ್ನು ಬರೆದರು. ಹೆಸರು ಬರೆಯಲಿಲ್ಲ.

ಬೆಳಗ್ಗೆ ಆರರ ಬಸ್ಸಿಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಅತ್ತ ನೋಡಿದೆ. ರಾತ್ರಿ ಯಾವಾಗಲೋ ಎದ್ದು, ಆ ಅಂಕಿಗಳ ಮೇಲೆ ಇನ್ನೊಂದು ಸಲ ಪೆನ್ನು ಆಡಿಸಿ ದಪ್ಪ ಮಾಡಿದ್ದರು.